ದಸ್ತಗೀರ ಕಾಕಾ ಹೇಳದೆ ಉಳಿದ ಸುದ್ದಿ

ನಮ್ಮ ಕನ್ನೊಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ದಸ್ತಗೀರಸಾಬರನ್ನು ಕರೆಸುತ್ತಾರೆ. ಅವರು ಡಾಕ್ಟರಲ್ಲ, ಮೌಲ್ವಿಯಲ್ಲ, ಪಂಚಾಯಿತಿ ಮೆಂಬರೂ ಅಲ್ಲ. ಬಸ್ ನಿಲ್ದಾಣದ ಹತ್ತಿರ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ, ಬಿಳಿ ಗಡ್ಡದ, ಕೈಗೆ ಸದಾ ಟ್ಯೂಬಿನ ಕರಿ ಹತ್ತಿರುವ ಮನುಷ್ಯ. ಬಂದವರು ಸತ್ತವರ ಕಾಲ ಬಳಿ ತುಸು ಹೊತ್ತು ಕೂರುತ್ತಾರೆ. ಆಮೇಲೆ ಮನೆಯ ಹಿರಿಯರನ್ನು ಪಕ್ಕಕ್ಕೆ ಕರೆದು, "ಯಾರಾರಿಗೆ ಹೇಳಬೇಕ್ರಿ?" ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ಆ ಭಾರ ಅವರದು.

ಈ ಕೆಲಸವನ್ನು ಯಾರೂ ಅವರಿಗೆ ವಹಿಸಿದ್ದಲ್ಲ. ಮೊಬೈಲ್ ಬರುವ ಮೊದಲು ಊರಿನ ಈ ತುದಿಗೆ ಇದ್ದ ಒಂದೇ ಫೋನು ಅವರ ಅಂಗಡಿಯ ಕಾಯಿನ್ ಡಬ್ಬಿ. ಸಾವಿನ ಸುದ್ದಿ ಹೇಳಲು ಬಂದವರು ನಾಣ್ಯ ಹಾಕಿ, ರಿಸೀವರ್ ಹಿಡಿದು, ಬಾಯಿ ತೆರೆಯಲಾಗದೆ ಅಳುತ್ತ ನಿಂತುಬಿಡುತ್ತಿದ್ದರು. ಅವರ ಕೈಯಿಂದ ಅದನ್ನು ತೆಗೆದುಕೊಂಡು ಆ ಕಡೆಯವರ ಜೊತೆ ಮಾತಾಡುತ್ತಿದ್ದವರು ಇವರು. ಆಮೇಲೆ ಎಲ್ಲರ ಜೇಬಿಗೂ ಫೋನ್ ಬಂತು, ಕಾಯಿನ್ ಡಬ್ಬಿ ಮೂಲೆ ಸೇರಿತು. ಆದರೂ ಸುದ್ದಿ ಹೇಳುವ ಕೆಲಸ ಮಾತ್ರ ಅವರ ಕೈಬಿಡಲಿಲ್ಲ. ಫೋನು ಎಲ್ಲರಲ್ಲೂ ಇತ್ತು, ಹೇಳುವ ಬಾಯಿ ಅವರೊಬ್ಬರಿಗೇ ಇತ್ತು.

ಅವರಿಗೆ ಅವರದೇ ರೀತಿ. ಸಾವಿನ ಮನೆಯಿಂದ ಎಂದೂ ಫೋನ್ ಹಚ್ಚುತ್ತಿರಲಿಲ್ಲ, ಹಿಂದೆ ಅಳುವ ದನಿ ಕೇಳಿಸಬಾರದೆಂದು. ಊರ ಹೊರಗಿನ ಹಾಳುಬಾವಿಯ ಕಟ್ಟೆಯವರೆಗೆ ನಡೆದು ಹೋಗಿ, ಅಲ್ಲಿ ಬೇವಿನ ನೆರಳಲ್ಲಿ ಕೂತು ಹಚ್ಚುತ್ತಿದ್ದರು. ಹೊಲದಲ್ಲಿ ಒಂಟಿಯಾಗಿ ಇದ್ದವರಿಗೆ ಹೇಳುತ್ತಿರಲಿಲ್ಲ. ಮನೆಗೆ ಬರಲಿ, ಹತ್ತಿರ ಒಂದು ಜೀವ ಇರಲಿ ಎಂದು ಕಾಯುತ್ತಿದ್ದರು. ಮೊದಲ ಮಾತು ಯಾವಾಗಲೂ ಒಂದೇ: "ಊಟ ಆತೇನು?" ಆಗಿಲ್ಲ ಎಂದರೆ, "ಎರಡು ತುತ್ತು ಉಣ್ರಿ, ಆಮ್ಯಾಲ ಮಾತಾಡೂನು" ಎನ್ನುತ್ತಿದ್ದರು. ಸುದ್ದಿ ಕೇಳಿದ ಮೇಲೆ ಗಂಟಲಲ್ಲಿ ನೀರೂ ಇಳಿಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಬಂದು, ಹೆಣದ ಮುಂದೆ ಕಣ್ಣುಕತ್ತಲೆ ಬಂದು ಬಿದ್ದವರನ್ನು ಅವರು ಬೇಕಾದಷ್ಟು ನೋಡಿದ್ದರು.

ಕೊನೆಗೂ 'ಸತ್ತರು' ಎಂಬ ಮಾತನ್ನು ಆಡುತ್ತಿರಲಿಲ್ಲ. "ಆರಾಮಿಲ್ಲ, ಹೊಂಟ ಬರ್ರಿ" ಎನ್ನುತ್ತಿದ್ದರು, ಅಷ್ಟೇ. ಅವರ ಬಾಯಿಂದ ಬಂದರೆ ಅದರ ಅರ್ಥ ಏನೆಂದು ಕೇಳಿದವರಿಗೆ ತಿಳಿಯುತ್ತಿತ್ತು. ತಿಳಿದರೂ, ಸತ್ತರೆಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಆ ಒಂದು ಎಳೆ ಹಿಡಿದುಕೊಂಡು ಮನುಷ್ಯ ಊರು ಮುಟ್ಟುತ್ತಾನೆ.

ಇದನ್ನು ನಾನು ಕಂಡವರ ಮಾತು ಕೇಳಿ ಬರೆಯುತ್ತಿಲ್ಲ. ನಾನು, ವಿಜಯಶ್ರೀ, ಇದೇ ಊರಿನ ಶಾಲೆಯಲ್ಲಿ ಈಗ ಶಿಕ್ಷಕಿ. ಮೊದಲು ಇಂಡಿ ತಾಲೂಕಿನ ಸಾಲೋಟಗಿಯಲ್ಲಿದ್ದೆ. ಅಲ್ಲಿದ್ದಾಗ ಒಂದು ಮಧ್ಯಾಹ್ನ ಅವರ ಫೋನ್ ಬಂತು. "ಅಕ್ಕೋರ, ಊಟ ಆತ್ರಿ?" ಮಕ್ಕಳ ಬಿಸಿಯೂಟ ಮುಗಿಯಲಿ ಎಂದೆ. "ಇಲ್ರಿ, ನೀವು ಮೊದ್ಲ ಉಣ್ರಿ, ನಾ ಮತ್ತ ಹಚ್ತೇನಿ" ಎಂದರು. ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಉಂಡೆ. ಮತ್ತೆ ಹಚ್ಚಿದರು, ಅಪ್ಪನಿಗೆ ಆರಾಮಿಲ್ಲ ಎಂದರು. ಅಪ್ಪನ ಮುಖ ನೋಡುವವರೆಗೆ ನಾನು ನೆಟ್ಟಗೆ ನಿಂತಿದ್ದರೆ ಅದು ಆ ಅರ್ಧ ರೊಟ್ಟಿಯ ಬಲದಿಂದ. ಹಾಗಾಗಿ ದಸ್ತಗೀರಸಾಬರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ತಮ್ಮ ಹೆಸರು ಫೋನಿನಲ್ಲಿ ಕಂಡರೆ ಜನ ಬೆಚ್ಚುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಹಬ್ಬಕ್ಕೆ, ಮಳೆ ಬಂದದ್ದಕ್ಕೆ, ಎಮ್ಮೆ ಈದದ್ದಕ್ಕೆ, ಏನೂ ಇಲ್ಲದಿದ್ದರೆ ಸುಮ್ಮನೆ, ಊರಿಂದ ಕೊಟ್ಟ ಹೆಣ್ಣುಮಕ್ಕಳಿಗೆಲ್ಲ ಫೋನ್ ಹಚ್ಚಿ ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು. ಹತ್ತು ಸಲ ಒಳ್ಳೆಯದಕ್ಕೆ ಬಂದ ಹೆಸರು ಹನ್ನೊಂದನೆಯ ಸಲ ಎದೆ ಒಡೆಯುವುದಿಲ್ಲ ಎಂಬುದು ಅವರ ಲೆಕ್ಕ. ಸೈದಾಬಿ, ಅವರ ಹೆಂಡತಿ, "ಊರ ಮಂದಿ ಊಟ ಕೇಳ್ತೀರಿ, ನಂದು ಆತೇನಂತ ಒಂದಿನಾನೂ ಕೇಳಲಿಲ್ಲ" ಎಂದು ಚುಚ್ಚುತ್ತಿದ್ದಳು.

ಅವರ ಹಳೆಯ ಆಂಡ್ರಾಯ್ಡ್ ಫೋನಿನ ಗಾಜು ಸೀಳಿತ್ತು, ಸ್ಪೀಕರ್ ಗೊರಗೊರ ಎನ್ನುತ್ತಿತ್ತು. ಆದರೆ ಬ್ಯಾಟರಿ ಗಟ್ಟಿಗ. ಕೆಂಪು ಗೆರೆ ಬಂದ ಮೇಲೂ ಒಂದು ಸಾವಿನ ಸುದ್ದಿಯನ್ನು ನಾಲ್ಕು ತಾಲೂಕಿಗೆ ಮುಟ್ಟಿಸುವಷ್ಟು ಉಸಿರು ಅದರಲ್ಲಿ ಇರುತ್ತಿತ್ತು. ಆ ಕೆಂಪಿನ ಮೇಲೆ ಎಷ್ಟು ಹೊತ್ತು ಮಾತಾಡಬಹುದು ಎಂಬುದು ಅವರಿಗೆ ರೂಢಿಯಿಂದ ಗೊತ್ತಿತ್ತು.

ಬಸವನ ಬಾಗೇವಾಡಿಗೆ ಕೊಟ್ಟ ಮಗಳು ನಿಷತ ಈ ರಂಜಾನಿಗೆ ಬಂದಾಗ ತನ್ನ ಫೋನನ್ನೇ ಅಪ್ಪನಿಗೆ ಕೊಟ್ಟಳು. ಅದು ಆಂಡ್ರಾಯ್ಡ್ ಅಲ್ಲ, ಇನ್ನೊಂದು ಜಾತಿಯದು. ಅದರ ಸಿಸ್ಟಮ್ಮೇ ಬೇರೆ, ಗುಂಡಿ ಬೇರೆ, ಚಾರ್ಜರಿನ ಪಿನ್ನೂ ಬೇರೆ. ಊರಲ್ಲಿ ಇಂಥದ್ದು ಯಾರ ಹತ್ತಿರವೂ ಇರಲಿಲ್ಲ. ಹೆಸರುಗಳನ್ನೆಲ್ಲ ಅದಕ್ಕೆ ದಾಟಿಸಿ, ಹಳೆಯದನ್ನು ಅಮ್ಮನ ಕೈಗೆ ಕೊಟ್ಟು, ನಾದಿನಿಯ ಬಾಣಂತನದ ಕೆಲಸಕ್ಕೆಂದು ಅಮ್ಮನನ್ನು ಬಾಗೇವಾಡಿಗೆ ಕರೆದುಕೊಂಡು ಹೋದಳು. ಮಗಳು ಬಳಸಿದ್ದು, ಮಗಳು ಕೊಟ್ಟದ್ದು. ದಸ್ತಗೀರಸಾಬರು ಅದನ್ನು ಒಗೆದ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಇಡುತ್ತಿದ್ದರು.

ಕಷ್ಟ ಶುರುವಾದದ್ದು ಮರುದಿನದಿಂದಲೇ. ಬೆಳಗ್ಗೆ ತುಂಬಿಸಿದ್ದು ಮಧ್ಯಾಹ್ನಕ್ಕೆ ಖಾಲಿ. ಮುಟ್ಟಿದರೆ ಹಂಚಿನಂತೆ ಬಿಸಿ. ಮಗಳಿಗೆ ಕೇಳಿದರೆ, "ಹಳೇದೆಲ್ಲಾ ಒಳಗ ತುಂಬ್ಕೊಳಾಕತ್ತೈತಿ ಅಬ್ಬಾ, ನಾಕ ದಿನ ತಡೀರಿ" ಎಂದಳು. ನಾಲ್ಕು ದಿನ ಕಳೆದು ನಾಲ್ಕು ವಾರವಾದರೂ ಅದು ಸುಧಾರಿಸಲಿಲ್ಲ. ಅಳಿಯ ಅಫ್ರೋಜ ತಿಳಿದವ. ಬಳಸಿದ ಫೋನಿನ ಬ್ಯಾಟರಿ ಸವೆದಿರುತ್ತದೆ, ವಿಜಯಪುರಕ್ಕೆ ಹೋಗಿ ಬೇರೆ ಹಾಕಿಸೋಣ ಎಂದಿದ್ದ. ಇಂದು ನಾಳೆ ಎಂದು ಅದು ಹಾಗೇ ಉಳಿಯಿತು.

ಊರಿನವರೆಲ್ಲ ಡಾಕ್ಟರುಗಳಾದರು. ಬೆಳಕು ಕಡಿಮೆ ಮಾಡ್ರಿ ಎಂದರು. ಕಡಿಮೆ ಮಾಡಿದ ಮೇಲೆ ಬಿಸಿಲಲ್ಲಿ ಹೆಸರು ಕಾಣದೆ ಅಂಗಿಯ ಒಳಗೆ ಫೋನ್ ಹಿಡಿದು ಇಣುಕುವಂತಾಯಿತು. ಹಿಂದೆ ತೆರೆದೇ ಉಳಿದ ಆ್ಯಪ್‌ಗಳನ್ನೆಲ್ಲ ಮುಚ್ಚಿರಿ ಎಂದರು, ಮುಚ್ಚಿದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಆ ಫೋನು ಸಾಯುವ ಮೊದಲು ಸೂಚನೆ ಕೊಡುತ್ತಿರಲಿಲ್ಲ. ಐದರಲ್ಲೊಂದು ಪಾಲು ಚಾರ್ಜ್ ಇದೆ ಎಂದು ತೋರಿಸುತ್ತ ಇದ್ದದ್ದು ನೋಡನೋಡುತ್ತಲೇ ಕಪ್ಪಾಗುತ್ತಿತ್ತು. ಹೆಣ್ಣುಮಕ್ಕಳೊಂದಿಗೆ ಮಾತು ಅರ್ಧಕ್ಕೇ ಕಡಿದು ಕಡಿದು, "ಕಾಕಾನ ಬ್ಯಾಟರಿ ಮಲಗಿತು" ಎಂಬುದು ಊರಿಗೂ ಹೆಣ್ಣುಮಕ್ಕಳ ಗಂಡನ ಮನೆಗಳಿಗೂ ನಗೆಯ ಮಾತಾಯಿತು. ನಕ್ಕವರಲ್ಲಿ ನಾನೂ ಒಬ್ಬಳು.

ರೇಣವ್ವ ತೀರಿಕೊಂಡದ್ದು ಬಿಸಿಲು ಬಲಿತ ದಿನಗಳಲ್ಲಿ. ಬೆಳಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಮಗ ಗುರಪ್ಪ ಜೊತೆಯಲ್ಲೇ ಇದ್ದ. ಒಬ್ಬಳೇ ಮಗಳು ಯಶೋಧಾ, ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ, ಕೃಷ್ಣೆಯ ದಂಡೆಗೆ ಕೊಟ್ಟವಳು. ತಾಯಿ ಮಗಳ ಜೀವ ಒಂದೇ. ವಾರಕ್ಕೊಮ್ಮೆಯಾದರೂ ರೇಣವ್ವ ಪಂಕ್ಚರ್ ಅಂಗಡಿಗೆ ಬಂದು, "ದಸ್ತಗೀರಣ್ಣ, ನಮ್ಮ ಹುಡುಗಿ ಊಟ ಮಾಡ್ಯಾಳೋ ಇಲ್ಲೋ, ಒಂದೀಟ ಕೇಳೋ" ಎನ್ನುತ್ತಿದ್ದಳು.

ಅಂದು ಗುರಪ್ಪ ದಸ್ತಗೀರಸಾಬರ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಕಾಕಾ, ನಮ್ಮಕ್ಕ ಅವ್ವನ ಮುಖಾ ನೋಡಬೇಕ್ರಿ. ಅಷ್ಟ ಮಾಡ್ರಿ."

ಅಂದು ಬೆಳಗ್ಗೆಯಿಂದ ಲೈನ್ ದುರಸ್ತಿಗೆಂದು ಊರಿಗೆ ಕರೆಂಟ್ ಇರಲಿಲ್ಲ. ದಸ್ತಗೀರಸಾಬರು ಬಾವಿಕಟ್ಟೆಗೆ ಹೋಗಿ ಮೊದಲು ಸಾಲೋಟಗಿಯ ಬೀಗರಿಗೆ, ಸಿಂದಗಿಯ ನೆಂಟರಿಗೆ ಹೇಳಿದರು. ಯಶೋಧಾ ಆ ಹೊತ್ತಿಗೆ ಹೊಲದಲ್ಲಿ ಇರುತ್ತಾಳೆ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಬರುತ್ತಾಳೆ ಎಂದು ಕಾದರು. ಫೋನಿನಲ್ಲಿ ಐದರಲ್ಲೊಂದು ಪಾಲು ಉಳಿದಿತ್ತು. ಹಳೆಯ ಫೋನಿನ ರೂಢಿ, ಸಾಕು ಎನಿಸಿತು. ಅವಳು ಮನೆಗೆ ಬಂದಿರಬೇಕು ಎಂದಾದ ಮೇಲೆ ಹಚ್ಚಿದರು.

"ಯಶೋಧಾ, ಊಟ ಆತೇನವ್ವ?"

"ಇಲ್ರಿ ಕಾಕಾ, ಈಗ ಹೊಲದಿಂದ ಬಂದೇನಿ. ಅವ್ವ ಹೆಂಗದಾಳ್ರಿ?"

"ನೀ ಮೊದ್ಲ ಎರಡು ತುತ್ತು ಉಣ್ಣವ್ವ. ಉಂಡ ಕೂಡ್ಲೆ ಮಾತಾಡೂನು. ಈಗ ಮತ್ತ ಹಚ್ತೇನಿ."

ಅವಳು ಉಣ್ಣುವಷ್ಟು ಹೊತ್ತು ಅವರು ಬೇವಿನ ಕೆಳಗೆ ಕೂತರು. ಮತ್ತೆ ಹಚ್ಚಲು ತೆಗೆದಾಗ ಫೋನು ಕಪ್ಪಾಗಿತ್ತು. ಒತ್ತಿದರು, ಉಜ್ಜಿದರು, ಎದೆಗೆ ಒತ್ತಿ ಹಿಡಿದರು. ಅದು ಏಳಲಿಲ್ಲ.

ಇಲ್ಲಿಯವರೆಗೆ ತಪ್ಪು ಯಾರದೂ ಅಲ್ಲ. ಮುಂದಿನದು ಮಾತ್ರ ಅವರದೇ. ಅವರು ಸಾವಿನ ಮನೆಗೆ ಹಿಂದಿರುಗಿದಾಗ ಗುರಪ್ಪ ತಾಯಿಯ ತಲೆಯ ಬಳಿ ಕೂತಿದ್ದ. ಕಣ್ಣೆತ್ತಿ, "ಅಕ್ಕಗ ಹೇಳಿದ್ರೇನ್ರಿ ಕಾಕಾ?" ಎಂದ.

"ಹೇಳೇನಿ" ಎಂದರು ದಸ್ತಗೀರಸಾಬರು.

ಅಂಗಳದಲ್ಲಿ ಕೂತಿದ್ದವರಲ್ಲಿ ನಾಲ್ಕೈದು ಜನರ ಫೋನಿನಲ್ಲಿ ಯಶೋಧಾಳ ನಂಬರಿತ್ತು. ಗುರಪ್ಪನ ಚಿಕ್ಕಪ್ಪನ ಮಗ ಪರಶು ಕೈಯಲ್ಲೇ ಫೋನ್ ಹಿಡಿದು ನಿಂತಿದ್ದ. ಬ್ಯಾಟರಿ ಹೋಗಿದೆ, ಮಾತು ಅರ್ಧಕ್ಕೇ ನಿಂತಿದೆ, ಒಂದು ಫೋನ್ ಕೊಡು ಎಂದಿದ್ದರೆ ಮುಗಿದಿತ್ತು. ಅವರು ಬಾಯಿ ಬಿಡಲಿಲ್ಲ. ಒಂದು ಸುದ್ದಿಯೂ ಕೈತಪ್ಪಿಸದ ಮನುಷ್ಯ, ಊರು ನಗುವ ಆ ಫೋನಿನ ಹೆಸರನ್ನು ಹೆಣದ ಮುಂದೆ ಹೇಗೆ ಎತ್ತುವುದು? ಕಾಲು ತಾಸಿನಲ್ಲಿ ಚಾರ್ಜ್ ಮಾಡಿಕೊಂಡು ಹೇಳಿಬಿಡುತ್ತೇನೆ, ಸುಳ್ಳು ನಿಜವಾಗುತ್ತದೆ ಎಂದುಕೊಂಡರು. ನನಗೆ ಅವರ ಮೇಲೆ ಎಷ್ಟು ಗೌರವವಿದೆಯೋ ಈ ಒಂದು ಗಳಿಗೆಯ ಮೇಲೆ ಅಷ್ಟೇ ಸಿಟ್ಟಿದೆ.

ಅಂಗಡಿಗೆ ಹೋಗಿ ಚಾರ್ಜರ್ ತೆಗೆದುಕೊಂಡರು. ಕರೆಂಟ್ ಇನ್ನೂ ಬಂದಿರಲಿಲ್ಲ. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಜನರೇಟರ್ ಇದೆ ಎಂದು ಆ ಬಿಸಿಲಲ್ಲಿ ನಡೆದೇ ಹೋದರು. ಪೂರಾ ಸತ್ತ ಫೋನು ಚಾರ್ಜಿಗೆ ಹಾಕಿದ ಕೂಡಲೇ ಕಣ್ಣು ಬಿಡುವುದಿಲ್ಲ. ಅದರ ಮೇಲೆ ಒಂದು ಖಾಲಿ ಬ್ಯಾಟರಿಯ ಚಿತ್ರ ಮೂಡಿ ಹಾಗೇ ನಿಂತಿತ್ತು. ಬಂಕಿನವರು ಕುರ್ಚಿ ಹಾಕಿದರೂ ಅವರು ಕೂರಲಿಲ್ಲವಂತೆ.

ಅತ್ತ ತಂಗಡಗಿಯಲ್ಲಿ ಯಶೋಧಾ ಕಾಕಾನ ಮಾತಿನಂತೆ ಉಂಡಳು. ಮತ್ತೆ ಫೋನ್ ಬರಲಿಲ್ಲ. ತಾನೇ ಹಚ್ಚಿದಳು, ಸ್ವಿಚ್ ಆಫ್. "ಕಾಕಾನ ಬ್ಯಾಟರಿ ಮಲಗಿತು ನೋಡ್ರಿ" ಎಂದು ಗಂಡ ಧರ್ಮರಾಜನಿಗೆ ಹೇಳಿ ನಕ್ಕಳು. ಉಂಡ ಗಂಗಾಳ ತೊಳೆದಿಟ್ಟಳು. ಆ ಹೊತ್ತಿಗೆ ಮುದ್ದೇಬಿಹಾಳದ ಬಸ್ಸು ಅವರ ಮನೆಯ ಮುಂದಿನಿಂದಲೇ ಹಾದುಹೋಯಿತು. ಆಮೇಲೆ ಸುಮ್ಮನೆ ಕೂತು ಫೋನಿನಲ್ಲಿ ಒಬ್ಬೊಬ್ಬರ ಸ್ಟೇಟಸ್ ಸರಿಸುತ್ತ ಹೋದಳು. ಪರಶುವಿನ ಸ್ಟೇಟಸ್ಸಿನಲ್ಲಿ ಅವಳ ತಾಯಿಯ ಫೋಟೋ ಇತ್ತು. ಸುತ್ತ ಹೂವಿನ ಮಾಲೆ, ಕೆಳಗೆ ಉರಿಯುವ ದೀಪ, 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಅಕ್ಷರ.

ಪರಶು ಕೆಟ್ಟವನಲ್ಲ. ಅಕ್ಕನಿಗೆ ಹೇಳಿ ಆಗಿದೆ ಎಂದು ತನ್ನ ಕಿವಿಯಿಂದಲೇ ಕೇಳಿದ್ದ. ಆದರೂ ಹೆಣ ಅಂಗಳಕ್ಕೆ ಬರುವ ಮೊದಲೇ ಫೋಟೋಕ್ಕೆ ಹಾರ ಹಾಕುವ ಈ ಅವಸರ ಯಾವ ಕಾಲಕ್ಕೆ ನಮ್ಮ ಮೈಗೆ ಹತ್ತಿತೋ.

ಬಂಕಿನಲ್ಲಿ ಫೋನು ಕೊನೆಗೂ ಕಣ್ಣು ತೆರೆದಾಗ ದಸ್ತಗೀರಸಾಬರು ಹಚ್ಚಿದರು. ಎತ್ತಿದವನು ಧರ್ಮರಾಜ. ಹಿಂದೆ ಮೋಟರ್‌ಸೈಕಲ್ಲಿನ ಸದ್ದು.

"ಸ್ಟೇಟಸ್ ನೋಡಿದ್ಳ್ರಿ ಕಾಕಾ. ಮುದ್ದೇಬಿಹಾಳಕ್ಕ ಹೊಂಟೇವಿ. ಬಸ್ಸು ಯಾವ್ದು ಸಿಗ್ತೈತೋ ನೋಡಬೇಕು."

ದಸ್ತಗೀರಸಾಬರು ಹಿಂದಿರುಗಿ ಬಂದವರು ನೇರ ಗುರಪ್ಪನ ಮುಂದೆ ನಿಂತರು. ನಾನು ಹೆಂಗಸರ ನಡುವೆ ಕೂತಿದ್ದೆ. ಎಲ್ಲರಿಗೂ ಕೇಳುವಂತೆ ಅವರು, "ನಾ ಹೇಳೇನಂದದ್ದು ಸುಳ್ಳು ಗುರಪ್ಪ. ಫೋನ್ ಆರಿತ್ತು. ನಿಮ್ಮಕ್ಕ ಈಗ ಹೊಂಟಾಳ. ಅಕಿ ಬರೂತನಕ ಕಾಯ್ರಿ, ನಿಮ್ಮ ಕಾಲ ಬೀಳ್ತೇನಿ" ಎಂದರು. ನಿಜವಾಗಿಯೂ ಬಗ್ಗಿದರು. ಗುರಪ್ಪ ಹಿಡಿದೆತ್ತಿದ.

"ನೀವು ಹೇಳೇನಂದ್ರಿ, ನಾ ನಂಬಿ ಕುಂತೆ ಕಾಕಾ" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಕಾದರು. ಆ ಬಿಸಿಲಲ್ಲಿ, ಐಸಿನ ಪೆಟ್ಟಿಗೆ ಇಲ್ಲದ ಓಣಿಯಲ್ಲಿ, ಎಷ್ಟು ಕಾಯಲು ಸಾಧ್ಯವೋ ಅಷ್ಟು ಕಾದರು. ಹೊತ್ತು ಮುಳುಗುವ ಮೊದಲು ಮಣ್ಣು ಆಗಬೇಕು ಎಂದು ಹಿರಿಯರು ಅಂದರು. ಯಶೋಧಾ ತಾಳಿಕೋಟಿ ದಾಟಿದ್ದಾಳೆ, ದೇವರಹಿಪ್ಪರಗಿ ದಾಟಿದ್ದಾಳೆ ಎಂಬ ಸುದ್ದಿ ಬರುತ್ತಲೇ ಇತ್ತು. ಕೊನೆಗೆ ಹಿರಿಯರೊಬ್ಬರು ಎದ್ದು ನಿಂತರು, ಉಳಿದವರೂ ಎದ್ದರು. ಅವರದು ಬೌದ್ಧ ಧರ್ಮ ಹಿಡಿದ ಮನೆ, ಬುದ್ಧವಂದನೆ ಹೇಳಿ ಎತ್ತಿದರು. ದಸ್ತಗೀರಸಾಬರು ಹೆಗಲು ಕೊಡಲು ಮುಂದೆ ಬಂದು, ತಮ್ಮ ಸುಳ್ಳು ನೆನಪಾದವರಂತೆ ಹಿಂದೆ ಸರಿದರು. ಗುರಪ್ಪನೇ ಅವರನ್ನು ಕರೆದು ಹೆಗಲು ಕೊಡಿಸಿದ.

ಯಶೋಧಾ ಬಂದಾಗ ಮಣ್ಣಿಗೆ ಹೋದವರು ತಿರುಗಿ ಬಂದು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ತಾಯಿ ಮಲಗಿದ್ದ ಜಾಗವನ್ನು ತೊಳೆದಿದ್ದರು, ನೆಲ ಇನ್ನೂ ಒದ್ದೆಯಿತ್ತು. ಅವಳು ಆ ಒದ್ದೆ ನೆಲದ ಮುಂದೆ ಕೂತಳು. ಅಳಲಿಲ್ಲ. ಹೆಂಗಸರು ಅಪ್ಪಿ ಅತ್ತರೂ ಅವಳಿಗೆ ಅಳು ಬರಲಿಲ್ಲ. ಒಂದೇ ಒಂದು ಮಾತು ಆಡಿದಳು, ಅದೂ ನನ್ನ ಹತ್ತಿರ: "ನಾ ಉಂಡೇನ್ರಿ ಅಕ್ಕೋರ. ಅವ್ವ ಸತ್ತ ದಿನ ಹೊಟ್ಟಿತುಂಬ ಉಂಡು, ನಕ್ಕು, ಗಂಗಾಳ ತೊಳದಿಟ್ಟು ಬಂದೇನಿ."

ಆ ಸಂಜೆ ನಿಷತ ಫೋನ್ ಮಾಡಿ ಅತ್ತಳಂತೆ, ತಾನು ಆ ಫೋನ್ ಕೊಡಬಾರದಿತ್ತು ಎಂದು. "ಫೋನಿಂದೇನು ತಪ್ಪ ಬೇಟಿ, ಬಾಯಿ ನಂದ ಇತ್ತಲ್ಲ" ಎಂದರಂತೆ ಅವರು. ಮರುದಿನ ಅಂಗಡಿ ತೆರೆದರು, ಕೆಲಸ ಮಾಡಿದರು. ಬ್ಯಾಟರಿಯ ಬಗ್ಗೆ ಊರಲ್ಲಿ ಯಾರೂ ಮತ್ತೆ ನಗಲಿಲ್ಲ.

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ನನ್ನ ಸ್ಕೂಟಿಯ ಗಾಲಿಗೆ ಗಾಳಿ ಹಾಕಿಸಲು ಅಂಗಡಿಗೆ ಹೋಗಿದ್ದೆ. ಫೋನು ಗೋಡೆಯ ಮೇಲೆ ಚಾರ್ಜಿಗೆ ಜೋತಿತ್ತು. ಯಶೋಧಾ ಬಂದಳು. ಬೆಂಚಿನ ತುದಿಗೆ ಕೂತಳು. ಬೈಯಲು ಬಂದಿದ್ದಾಳೆ ಎಂದುಕೊಂಡು ನಾನು ಏಳಲು ಹೋದೆ, ಅವಳು ನನ್ನ ಕೈ ಹಿಡಿದು ಕೂರಿಸಿದಳು.

"ಕಾಕಾ, ಅವತ್ತ ನೀವು ನನಗ ಏನ ಹೇಳವ್ರಿದ್ರಿ?"

ದಸ್ತಗೀರಸಾಬರು ಟ್ಯೂಬನ್ನು ತಿರುಗಿಸುತ್ತ ತೂತು ಹುಡುಕುತ್ತಿದ್ದರು.

"ನಮ್ಮಪ್ಪ ಹೋದಾಗ ನೀವ ಹೇಳಿದ್ರಿ. ಊರ ಹೆಣ್ಮಕ್ಕಳಿಗೆಲ್ಲಾ ನೀವ ಹೇಳೀರಿ. ನಮ್ಮವ್ವಂದು ನನಗ ಯಾರೂ ಹೇಳಿಲ್ರಿ. ಒಂದು ಫೋಟೋ ನೋಡೇನಿ, ಅಷ್ಟ. ಈಗ ಹೇಳ್ರಿ."

ಅವರು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟರು. ಬಕೆಟ್ಟಿನ ನೀರಲ್ಲಿ ಕೈ ತೊಳೆದು ಲುಂಗಿಗೆ ಒರೆಸಿಕೊಂಡರು. ಅವಳ ಎದುರು ಕುಕ್ಕರಗಾಲಲ್ಲಿ ಕೂತರು. ಇಷ್ಟು ವರ್ಷ ಮುಖ ಕಾಣದೆ ಹೇಳಿದ ಮಾತನ್ನು ಮೊದಲ ಸಲ ಮುಖ ನೋಡಿ ಹೇಳಬೇಕಾಗಿತ್ತು.

"ಯಶೋಧಾ, ಊಟ ಆತೇನವ್ವ?"

"ಆತ್ರಿ ಕಾಕಾ."

"ಮನಿಯಾಗ ಹತ್ರ ಯಾರ ಅದಾರ?"

"ಅವ್ರು ಅದಾರ್ರಿ."

"ನಿಮ್ಮವ್ವಗ ಆರಾಮಿಲ್ಲವ್ವ. ಧರ್ಮರಾಜನ್ನ ಕರಕೊಂಡು ಹೊಂಟ ಬಾ."

ಯಶೋಧಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ದಿನದಿಂದ ಬರದಿದ್ದ ಅಳು ಒಮ್ಮೆಲೇ ಬಂತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಅಳುವಿನ ನಡುವೆಯೇ ಅವಳು ಹೇಳಿದಳು:

"ಹೊಂಟೆ ಕಾಕಾ, ಈಗ ಹೊಂಟೆ. ನಾ ಬರೂತನಕ ಎತ್ತಬ್ಯಾಡ್ರಂತ ಹೇಳ್ರಿ."

"ಹೇಳ್ತೇನವ್ವ" ಎಂದರು ದಸ್ತಗೀರಸಾಬರು.